ಹೆಡ್‌ಸೆಟ್ ತಗದಿಟ್ಟ ಮ್ಯಾಲ ಬರಿಯಾಕ ಕಲ್ತದ್ದು

ರಿಟೈರ್ ಆದವರಿಗೆಲ್ಲಾ ಮಂದಿ ಹೇಳೂ ಮಾತು ಒಂದ, "ನಿಮ್ಮ ಅನುಭವ ಬರೀರಿ". ಹೇಳೂದು ಸಸಾರ ನೋಡ್ರಿ. ನಾನು 1982ರಾಗ ಟೆಲಿಫೋನ್ ಆಪರೇಟರ್ ಅಂತ ಸೇರಿದಾಕಿ, 2020ರ ಜನವರಿ 31ಕ್ಕ ಬಿಎಸ್ಎನ್ಎಲ್ ವಿಆರ್‌ಎಸ್, ಅಂದ್ರ ಸ್ವಯಂ ನಿವೃತ್ತಿ ತಗೊಂಡು ಹೊರಗ ಬಂದೆ, ಅವತ್ತ ಒಂದ ದಿನ ದೇಶದ ತುಂಬಾ ಸುಮಾರು 78 ಸಾವಿರ ಮಂದಿ ನನ್ನಂಗ ಹೊರಗ ಬಂದ್ರು, ಹಾರ ಹಾಕಿಸ್ಕೊಂಡು ಗ್ರೂಪ್ ಫೋಟೋ ತಗಿಸ್ಕೊಂಡು ಮನಿಗೆ ಬಂದು ಇನ್ನೇನ ಮಾಡೂದು ಅಂತ ವಿಚಾರ ಮಾಡೂದ್ರಾಗ ಲಾಕ್‌ಡೌನ್ ಆತು. ಬೆಂಗಳೂರಾಗ ಕೆಲಸ ಮಾಡೂ ಅಣ್ಣನ ಮಗಳು ಲ್ಯಾಪ್‌ಟಾಪ್ ಸಮೇತ ಹುಬ್ಬಳ್ಳಿಗೆ ಬಂದಿದ್ಲು. ರಾತ್ರಿ ಊಟಾ ಆದ ಮ್ಯಾಲ ನಾ ಎಕ್ಸ್‌ಚೇಂಜಿನ ಸುದ್ದಿ ಹೇಳೂದು, ಅಕಿ ನಗೂದು. ಕಡೀಕ ಅಕಿನ ಅಂದ್ಲು, "ಅತ್ತಿ, ಇದನ್ನೆಲ್ಲಾ ಬರದಿಡು, ಟೈಪ್ ನಾ ಮಾಡಿಕೊಡ್ತೀನಿ."

ಬರಿಯಾಕ ಕೂತ್ರ ಕೈಯಿಂದ ಏನ ಬರತೈತಿ ಹೇಳ್ರಿ? "ನಾನು ಹುಬ್ಬಳ್ಳಿಯ ಸಾಮಾನ್ಯ ಕುಟುಂಬವೊಂದರಲ್ಲಿ ಜನಿಸಿದೆ. ನನ್ನ ತಂದೆಯವರು ರೈಲ್ವೆ ವರ್ಕ್‌ಶಾಪಿನಲ್ಲಿ ನೌಕರರಾಗಿದ್ದರು. ಶಿಸ್ತಿನ ಸಿಪಾಯಿ." ಸತ್ಕಾರ ಸಮಾರಂಭದಾಗ ಓದಿ ಹೇಳೂ ಪರಿಚಯ ಪತ್ರ ಇದ್ದಂಗ ಇತ್ತು ಅದು. ಸಾಲಿ, ಕಾಲೇಜು, ಟೈಪಿಂಗ್ ಪರೀಕ್ಷಾ, ಇಂಟರ್‌ವ್ಯೂ, ಎಲ್ಲಾ ಸಾಲಾಗಿ ಬಂದುವು, ನೌಕರಿ ಸಿಗೂದ್ರಾಗ ನೋಟ್‌ಬುಕ್ ಅರ್ಧಾ ಮುಗದಿತ್ತು. ಅಣ್ಣನ ಮಗಳು ಟೈಪ್ ಮಾಡಕೊಂತ ಆಕಳಿಸ್ತಿದ್ಲು, ಪಾಪ ಬಾಯಿಬಿಟ್ಟ ಏನೂ ಅನ್ನಲಿಲ್ಲ. ರಾತ್ರಿ ಹೇಳೂ ಮುಂದ ನಗತಿದ್ದ ಹುಡುಗಿ ಹಗಲಿ ಅದನ್ನ ಓದಿ ಯಾಕ ಆಕಳಿಸ್ತಾಳ ಅನ್ನೂದ ನನಗ ತಿಳೀಲಿಲ್ಲ.

ಅದ ಹೊತ್ತಿಗೆ ಆನ್‌ಲೈನ್ ಕಮ್ಮಟ ಒಂದ ಶುರು ಆತು, ನೆನಪು ಬರಿಯೂದರ ಬಗ್ಗೆನ, ಶನಿವಾರ ಸಂಜೀಕ. ನಡಸವರು ಧಾರವಾಡದಾಗ ಕನ್ನಡ ಕಲಿಸಿ ನಿವೃತ್ತಿ ಆದ ಮೇಷ್ಟ್ರು, ನಾವೆಲ್ಲಾ ಅವರಿಗೆ ಸರ್ ಅಂತೀವಿ, ಇಲ್ಲೂ ಹಂಗ ಅಂತೀನಿ. ಕೂತವರು ಎಂತೆಂಥವರು ಅಂದ್ರ ಒಬ್ರು ನರ್ಸಮ್ಮ, ಒಬ್ರು ಮಿಲಿಟರಿಯವರು, ಎಪಿಎಂಸಿಯಾಗ ಮೆಣಸಿನಕಾಯಿ ದಲಾಲಿ ಮಾಡವರೊಬ್ರು, ಮ್ಯಾಲ ಇಬ್ರು ಮೂರು ಮಂದಿ ಹೆಡ್‌ಮಾಸ್ತರು, ಹೆಡ್‌ಮಾಸ್ತರು ಇಲ್ಲದ ಇಂಥ ಕಮ್ಮಟ ನಡಿಯೂದ ಇಲ್ಲ ಅನ್ನಿಸ್ತೈತಿ. ಮೊದಲನೇ ವಾರ ಸರ್ ಏನೂ ಬರಿಯಾಕ ಹಚ್ಚಲಿಲ್ಲ. "ನೀವು ಭಾಳ ವರ್ಷ ಕಳದ ಒಂದ ಖೋಲಿ ನಕ್ಷಾ ತಗೀರಿ, ಬಾಗಲಾ ಎಲ್ಲಿ, ಕಿಡಕಿ ಎಲ್ಲಿ, ಯಾರ ಎಲ್ಲಿ ಕೂಡತಿದ್ರು, ಅಷ್ಟ. ಚಿತ್ರಾ ಚಂದ ಬರಬೇಕಂತ ಏನಿಲ್ಲ" ಅಂದ್ರು. ಹೆಡ್‌ಮಾಸ್ತರೊಬ್ರು ಪೀಠಿಕೆ ಹೆಂಗ ಬರಿಯೂದು ಸರ್ ಅಂತ ಕೇಳಿದ್ರು. ಪೀಠಿಕೆ ಪುಸ್ತಕ ಮುಗದ ಮ್ಯಾಲ ಅಂತ ಹೇಳಿ ಬಿಟ್ರು.

ನಾ ಟ್ರಂಕ್ ರೂಮಿನ, ಅಂದ್ರ ಊರಿಂದ ಊರಿಗೆ ಫೋನ್ ಜೋಡಸೂ ಖೋಲಿಯ ನಕ್ಷಾ ತಗದೆ. ಈಗಿನ ಹುಡುಗ್ರಿಗೆ ಅದೇನಂತ ಗೊತ್ತಿರಂಗಿಲ್ಲ, ಸ್ವಲ್ಪ ಹೇಳ್ತೀನಿ. ಗ್ವಾಡಿ ಉದ್ದಕ್ಕೂ ಬೋರ್ಡು, ಒಂದೊಂದು ಪೊಸಿಷನ್ ಮುಂದ ಒಂದೊಂದು ಎತ್ತರದ ಕುರ್ಚಿ. ಬೋರ್ಡಿನ ಮುಖದ ಮ್ಯಾಲ ಸಾಲ ಸಾಲ ತೂತು, ಅವು ಜಾಕ್. ಮುಂದಿನ ಹಲಗಿ ಮ್ಯಾಲ ಜೋಡಿ ಜೋಡಿ ಕಾರ್ಡು, ಅಂದ್ರ ವೈರಿನ ಹಗ್ಗ, ತುದೀಗೆ ಹಿತ್ತಾಳಿ ಪ್ಲಗ್ಗು, ಕೆಳಗ ಭಾರ ಕಟ್ಟಿರತಿತ್ತು, ಪ್ಲಗ್ಗು ಕಿತ್ತು ಬಿಟ್ರ ಸರ್ರಂತ ಒಳಗ ಇಳದು ತನ್ನ ಜಾಗಾದಾಗ ಟಕ್ಕಂತ ನಿಲ್ಲತಿತ್ತು. ಲ್ಯಾಂಪ್ ಹತ್ತಿದ ಕೂಡಲೆ ಹಿಂದಿನ ಕಾರ್ಡು ಚುಚ್ಚೂದು, ಕೀ ಹಾಕಿ ಮಾತಾಡೂದು, ಮುಂದಿನ ಕಾರ್ಡು ಬೇಕಾದ ಲೈನಿಗೆ ಚುಚ್ಚೂದು. ಟ್ರಂಕ್ ಕಾಲ್ ಬೇಕಂದವರು 180ಕ್ಕ ಬುಕ್ ಮಾಡಬೇಕು, ನಾವು ಟಿಕೆಟ್ ಬರೀಬೇಕು, ಯಾ ನಂಬರಿಂದ ಯಾ ನಂಬರಿಗೆ, ಎಷ್ಟೊತ್ತಿಗೆ ಬುಕ್ ಆತು, ಆರ್ಡಿನರಿನೋ ಅರ್ಜೆಂಟೋ ಲೈಟ್ನಿಂಗೋ. ಅರ್ಜೆಂಟಿಗೆ ಡಬಲ್ ಚಾರ್ಜು, ಲೈಟ್ನಿಂಗಿಗೆ ಎಂಟು ಪಟ್ಟು, ಹಂಗಾಗಿ ಲೈಟ್ನಿಂಗ್ ಅಂದ್ರ ಒಂದೋ ದೊಡ್ಡ ಸಾಹುಕಾರು ಇಲ್ಲಾ ಯಾರೋ ತೀರ್ಕೊಂಡಾರ ಅಂತ ಲೆಕ್ಕ. ಪಿಪಿ ಕಾಲ್ ಅಂದ್ರ ಇಂಥವರ ಲೈನಿಗೆ ಬರಬೇಕು ಅಂತ ಹೆಸರು ಹೇಳಿ ಬುಕ್ ಮಾಡೂದು, ಅವರನ್ನ ಕರಿಯಾಕ ಬಾಜೂ ಮನಿಯವರು ಓಡೂದು, ಲೈನ್ ಹಿಡಕೊಂಡು ನಾವು ಕೂಡೂದು. ಮೂರು ನಿಮಿಷಕ್ಕ ಒಂದ ಸಲ "ಥ್ರೀ ಮಿನಿಟ್ಸ್ ಓವರ್" ಅನ್ನಬೇಕು.

ನಕ್ಷಾದಾಗ ಕುರ್ಚಿ ಬರದು ಅದರಾಗ ಹೆಸರು ಬರಕೊಂತ ಹೋದಂಗ ಒಂದ ಚಮತ್ಕಾರ ಆತು. ಯಾವ್ಯಾವ ಕುರ್ಚಿಯಾಗ ಯಾರ ಕೂಡತಿದ್ರು ಅಂದಕೂಡ್ಲೆ ಅವರ ದನಿ ಬಂತು. ಮುಖ ಅಲ್ಲ. ದನಿ. ಒಬ್ಬಾಕಿ ಬೆಳಗಾವಿ ಕಡೆಯಾಕಿ, ಮರಾಠಿ ರಾಗದಾಗ "ಹಲೋ ಬಾಂಬೆ, ಹಲೋ ಬಾಂಬೆ" ಅಂತಿದ್ದಳು. ಒಬ್ರು ಸೀನಿಯರ್, ಎಲೆ ಅಡಿಕಿ ಬಾಯಾಗ ಇಟ್ಕೊಂಡ ಮಾತಾಡವರು, ಅವರ "ನಂಬರ್ ಪ್ಲೀಸ್" ಒಳಗ ಪ್ಲೀಸ್ ಕೇಳತಿದ್ದಿಲ್ಲ. ಮೂಲಿಯೊಳಗಿನ ಕಿಡಕಿ ಮುಂದಿನ ಕುರ್ಚಿ ಬ್ಯಾಸಗಿಯೊಳಗ ಯಾರಿಗೂ ಬ್ಯಾಡಾಗಿತ್ತು, ಜೂನಿಯರಿಗೆ ಅದ ಗಟ್ಟಿ, ಮಧ್ಯಾಹ್ನದ ಬಿಸಲು ಹೆಡ್‌ಸೆಟ್ಟಿನ ಕಬ್ಬಣದ ಪಟ್ಟಿ ಮ್ಯಾಲ ಬಿದ್ದು ತಲಿ ಸುಡತಿತ್ತು. ಇದ್ಯಾವುದೂ ನನ್ನ ಅರ್ಧಾ ನೋಟ್‌ಬುಕ್ಕಿನ್ಯಾಗ ಇರಲಿಲ್ಲ.

ಎರಡನೇ ಪಾಠ ಕೈಯ ಬಗ್ಗೆ. "ಮನಸ್ಸಿಗೆ ಏನ ಅನ್ನಿಸ್ತು ಅನ್ನೂದು ಬಿಡ್ರಿ, ಕೈ ಏನ ಮಾಡತಿತ್ತು ಅಷ್ಟ ಬರೀರಿ" ಅಂದ್ರು ಸರ್. ನರ್ಸಮ್ಮ ಆ ವಾರ ಬರದದ್ದು ಇನ್ನೂ ನೆನಪೈತಿ, ಗಾಜಿನ ಸಿರಿಂಜ್ ಕುದಸೂದು, ಚಿಮಟಿಲೆ ತಗಿಯೂದು, ಬೆರಳು ಸುಟ್ಟರೂ ಬಿಡದಂಗ ಹಿಡಿಯೂದು, ಕಡೀಕ ಒಂದ ಮಗು. ಮಗು ಸತ್ತೈತಿ ಅಂತ ಅವರು ಬರೀಲೇ ಇಲ್ಲ, ಸಿರಿಂಜ್ ತಿರಗಿ ಕುದಿಯಾಕ ಹಾಕಿದೆ ಅಂತ ಬರದಿದ್ರು. ಯಾರೂ ಮಾತಾಡಲಿಲ್ಲ. ಮಿಲಿಟರಿಯವರು ವಿಡಿಯೋ ಆಫ್ ಮಾಡಿದ್ರು.

ಸರ್ ಹತ್ರ ಇನ್ನೊಂದ ಚಟ ಇತ್ತು. ನಾವು ಕಳಿಸಿದ ಪ್ರತಿ ತುಣುಕಿನ ಕಡೀ ನಾಕೈದು ಸಾಲು ಹೊಡದ ಹಾಕಿ ವಾಪಸ್ ಕಳಿಸೂದು. "ಅಂದಿನ ದಿನಗಳೇ ಸುವರ್ಣಯುಗ", "ಇಂದಿನ ಪೀಳಿಗೆಗೆ ಇದೆಲ್ಲಿ ತಿಳಿಯಬೇಕು", ಇಂಥವು ಇರತಾವಲ್ಲ, ಅವು. ಎಪಿಎಂಸಿ ಅಣ್ಣಾರು ಒಮ್ಮೆ ಸಿಟ್ಟಿಗೆದ್ದು, "ಸರ್, ನೀವು ಹೊಡದ ಹಾಕಿದ್ದ ನನ್ನ ಬರವಣಿಗಿಯ ತಿರುಳು" ಅಂದ್ರು. ಅದಕ್ಕ ಸರ್, "ತಿರುಳು ಮೆಣಸಿನಕಾಯಿ ಚೀಲದ ಒಳಗ ಐತಿ, ನೀವು ಚೀಲದ ಬಾಯಿಗೆ ಚೀಟಿ ಹಚ್ಚೀರಿ" ಅಂದ್ರು. ದಲಾಲಿ ಮಾಡವರು, ಅವರಿಗೆ ಲಗೂನ ತಿಳೀತು.

ಭಾಷಾದ್ದೂ ಒಂದ ಜಗಳ ಆತು, ಮನ್ಯಾಗ. ನಾ ಮಾತಾಡಿದಂಗ ಬರದ್ರ ಅಣ್ಣನ ಮಗಳು ಟೈಪ್ ಮಾಡೂ ಮುಂದ "ಐತಿ" ಇದ್ದದ್ದನ್ನ "ಇದೆ" ಮಾಡತಿದ್ಲು, ಫೋನಿನ ವಾಯ್ಸ್ ಟೈಪಿಂಗಂತೂ ನನ್ನ ಮಾತು ಕೇಳಿ ಏನೇನೋ ಬರದಿಡತಿತ್ತು. ಪುಸ್ತಕದ ಭಾಷಾ ಪುಸ್ತಕದಂಗ ಇರಬೇಕು ಅಂತ ಅಕಿದು. ಸರ್‌ಗೆ ಕೇಳಿದ್ರ ಅವರು ತೀರ್ಪು ಕೊಡಲಿಲ್ಲ, ಎರಡೂ ಥರ ಬರದ ಒಂದ ಪುಟ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಕೇಳ್ರಿ ಅಂದ್ರು. ಕಿವೀಲೆ ದುಡಕೊಂಡು ತಿಂದ ಹೆಂಗಸು ನಾ, ಕೇಳಿದ ಮ್ಯಾಲ ವಿಚಾರ ಮಾಡೂದ ಇರಲಿಲ್ಲ.

ಇಷ್ಟು ಕಲಿತ ಮ್ಯಾಲ ಬರವಣಿಗಿ ಓಡಾಕ ಹತ್ತಿತು. ಓಡಿ ಒಂದ ಗ್ವಾಡಿಗೆ ಹೋಗಿ ಬಡೀತು.

ಎಕ್ಸ್‌ಚೇಂಜಿನ ಸುದ್ದಿ ಅಂದ್ರ ಮಂದಿಗೆ ಬೇಕಾದದ್ದು ಒಂದ, ಫೋನಿನ್ಯಾಗ ಏನೇನ ಕೇಳಿದ್ರಿ ಅಂತ. ಲೈನ್ ಹತ್ತೇತೋ ಇಲ್ಲೋ, ಮಾತು ಮುಗದೈತೋ ಇಲ್ಲೋ ಅಂತ ನೋಡಾಕ ನಾವು ಕೀ ಹಾಕಿ ಒಂದ ಕ್ಷಣ ಕೇಳಬೇಕಾಗತಿತ್ತು, ಅದು ಕೆಲಸಾನ. ಆ ಒಂದೊಂದ ಕ್ಷಣ ಕೂಡಿದ್ರ ಊರಿನ ಅರ್ಧಾ ಸಂಸಾರ ನನ್ನ ಕಿವಿಯೊಳಗ ಐತಿ. ಆದ್ರ ನಾವು ಸೇರೂ ಮುಂದ ಹೇಳಿದ ಮೊದಲನೇ ಮಾತು ಏನು, ಇಲ್ಲಿ ಕೇಳಿದ್ದು ಇಲ್ಲೇ ಬಿಟ್ಟು ಹೋಗಬೇಕು. ಅದು ಬರೇ ಮರ್ಯಾದಿ ಮಾತಲ್ಲ, 1885ರ ಟೆಲಿಗ್ರಾಫ್ ಕಾಯ್ದೆ ಪ್ರಕಾರ ಕೇಳಿದ್ದನ್ನ ಹೊರಗ ಹೇಳಿದ ನೌಕರರಿಗೆ ಮೂರು ವರ್ಷದ ತನಕ ಜೈಲು. ಬ್ರಿಟಿಷರು ತಂತಿಗೆ ಅಂತ ಮಾಡಿದ ಕಾಯ್ದೆ ನಮ್ಮ ಕಿವಿಗೂ ಹತ್ತತಿತ್ತು. ಈಗ ಆ ಬೋರ್ಡೂ ಇಲ್ಲ, ತಂತಿ ಕೊಡೂದೂ 2013ಕ್ಕ ಬಂದ್ ಆತು, ಕೇಳವರು ಯಾರಿಲ್ಲ. ಆದ್ರೂ ಪೆನ್ನು ಏಳವಲ್ದು.

ಒಂದ ಸಂಸಾರದ ಸುದ್ದಿ ಇತ್ತು, ತಿಂಗಳಾ ಬರೂ ಒಂದ ಪಿಪಿ ಕಾಲ್. ಯಾರದು ಎಲ್ಲೀದು ಏನು ಅಂತ ಇಲ್ಲಿನೂ ಹೇಳಂಗಿಲ್ಲ. ಅದನ್ನ ಬರದು, ಹೆಸರು ಬದಲ ಮಾಡಿ ಸರ್‌ಗೆ ಕಳಿಸಿದೆ. "ಅವರ ಮನಿಯವರು ಇದನ್ನ ಓದಿದ್ರ ಇದು ನಮ್ಮದ ಅಂತ ಗುರ್ತು ಹಿಡಿತಾರೋ ಇಲ್ಲೋ?" ಅಂತ ಒಂದ ಪ್ರಶ್ನಿ ಬಂತು. ಹಿಡಿತಿದ್ರು. ಊರು ಬದಲ ಮಾಡಿದೆ, ಉದ್ಯೋಗ ಬದಲ ಮಾಡಿದೆ, ಮಗಳನ್ನ ಮಗ ಮಾಡಿದೆ, ಹಂಗ ಮಾಡಕೊಂತ ಹೋಗಿ ಗುರ್ತು ಹತ್ತದಂಗ ಆತು ಖರೆ, ಆದ್ರ ಅದು ನೆನಪ ಉಳೀಲಿಲ್ಲ, ವಾರಪತ್ರಿಕೆ ಕಥಿ ಆಗಿ ಕೂತಿತ್ತು. ಡಿವಿಜಿಯವರ ಜ್ಞಾಪಕ ಚಿತ್ರಶಾಲೆ ಸರ್ ಓದಾಕ ಹೇಳಿದ್ರು, ಎಂಟು ಸಂಪುಟ, ತಮ್ಮ ಕಥಿ ಬದ್ಲಿ ತಾವು ಕಂಡ ಮಂದಿನ್ನ ಬರದವರು. ಓದಿ ಖುಷಿ ಆತು, ಆದ್ರ ನನ್ನ ತೊಡಕು ಅಲ್ಲಿ ಬಗೀಹರೀಲಿಲ್ಲ. ಅವರು ದಿವಾನರನ್ನ ಬರದ್ರು, ಸಂಗೀತಗಾರರನ್ನ ಬರದ್ರು, ಎದುರು ಕೂತು ಮಾತಾಡಿದವರನ್ನ. ನನ್ನ ಮಂದಿ ನನ್ನ ಮುಖಾ ನೋಡಿದವರಲ್ಲ, ನಾ ಒಬ್ಬಾಕಿ ಇದ್ದೆ ಅಂತನೂ ಅವರಿಗೆ ಗೊತ್ತಿಲ್ಲ.

ಭಾಳ ದಿನಾ ಅದನ್ನ ಹಂಗ ಇಟ್ಟೆ. ಆಮ್ಯಾಲ ಒಂದಿನ ಅದ ತುಣುಕು ತಗದು, ಅವರಾಡಿದ ಮಾತು ಎಲ್ಲಾ ಅಳಿಸಿ ಏನ ಉಳೀತೈತಿ ನೋಡೂಣು ಅಂತ ಅಳಿಸಿದೆ. ಉಳದದ್ದು "ಥ್ರೀ ಮಿನಿಟ್ಸ್ ಓವರ್" ಒಂದ. ಲೈನಿನ್ಯಾಗ ಒಬ್ರು ಅಳಾಕತ್ತಾರ, ಗಡಿಯಾರ ಮೂರು ನಿಮಿಷ ತೋರಸಾಕತ್ತೈತಿ, ಸೂಪರ್‌ವೈಸರ್ ಬೆನ್ನ ಹಿಂದ ಓಡಾಡಾಕತ್ತಾರ, ಇಪ್ಪತ್ತೊಂದು ವರ್ಷದ ಹುಡುಗಿ ಆ ಅಳುವಿನ ನಡುವ ಬಾಯಿ ಹಾಕಿ ಇಂಗ್ಲೀಷಿನ್ಯಾಗ ಮೂರು ನಿಮಿಷ ಆತು ಅನ್ನಬೇಕು. ಹೆಂಗ ಅನ್ನಬೇಕು? ಜೋರಾಗಿ ಅಂದ್ರ ಅವರು ಬೆಚ್ಚಿ ಬೀಳತಾರ, ಸಣ್ಣಗ ಅಂದ್ರ ಕೇಳಂಗಿಲ್ಲ. ಉಸರು ತಗೊಳ್ಳಾಕ ಅವರು ನಿಂತಾಗ ಅನ್ನೂದು ಅಂತ ನಾ ಕಲ್ತಿದ್ದೆ. ಬಾಜೂಕ ಕೂಡತಿದ್ದ ಗೆಳತಿ ಬ್ಯಾರೇ ಥರ, ಮೊದಲ ಗಂಟಲ ಸರಿಮಾಡಿಕೊಂಡಂಗ ಸಪ್ಪಳಾ ಮಾಡಿ ಆಮ್ಯಾಲ ಅಂತಿದ್ಲು. ಇದನ್ನ ಯಾ ಟ್ರೇನಿಂಗಿನ್ಯಾಗೂ ಕಲಸಿರಲಿಲ್ಲ. ಅವರು ಏನ ಮಾತಾಡಿದ್ರು ಅನ್ನೂದು ನಂದಲ್ಲ. ನಾ ಹೆಂಗ ಬಾಯಿ ಹಾಕಿದೆ ಅನ್ನೂದು ನಂದು. ಕಾರ್ಡಿನ ಈ ತುದಿ ಬರೀಬೇಕು, ಆ ತುದಿ ಬಿಡಬೇಕು ಅಂತ ಅವತ್ತ ಗೊತ್ತಾತು, ಆ ಅಧ್ಯಾಯ ಒಂದ ಸಲಕ್ಕ ಕೂತು ಬರದೆ.

ಸರ್ ಓದಿ ಚಲೋ ಆಗೇತಿ ಅಂದ್ರು, ಅದರ ಕೂಡ ಒಂದ ಮುಳ್ಳನೂ ಚುಚ್ಚಿದ್ರು. "ಈ ಹುಡುಗಿಗೆ ಏನ ಬೇಕಾಗಿತ್ತು? ಎಲ್ಲಾರಿಗೂ ಲೈನ್ ಕೊಡತಾಳ, ಅಕಿಗೆ ಯಾಕ ಆ ಕುರ್ಚಿ ಬೇಕಾಗಿತ್ತು?" ನೌಕರಿ ಬೇಕಾಗಿತ್ತು ಸರ್, ಎಲ್ಲಾರಿಗೂ ಬೇಕು ಅಂದೆ. "ನಿಮಗ ಯಾಕ ಬೇಕಾಗಿತ್ತು?" ಇದಕ್ಕ ಉತ್ತರ ಇರಲಿಲ್ಲ. ನೆನಪು ಮಾಡಕೊಂಡ್ರ, ಪಿಯುಸಿ ಓದೂ ಮುಂದನ ನಾ ಸರ್ಕಾರಿ ನೌಕರಿ, ಸರ್ಕಾರಿ ನೌಕರಿ ಅಂತ ಹಟಾ ಹಿಡದಿದ್ದೆ, ಲಗ್ನದ ಮಾತು ಬಂದ್ರ ಎದ್ದ ಹೋಗತಿದ್ದೆ, ಅಂಜಿದಾಕಿ ಹಂಗ. ಏನಕ್ಕ ಅಂಜಿದ್ದೆ?

ನಡುವ ಒಂದ ಮಾತು, ನೆನಪಿನ ಮ್ಯಾಲ ಎಷ್ಟ ಭಾರ ಹಾಕಬೇಕು ಅನ್ನೂದು. 1984ರ ಅಕ್ಟೋಬರ್ 31, ಇಂದಿರಾ ಗಾಂಧಿ ಹೋದ ದಿನ. ನನ್ನ ನೆನಪಿನ್ಯಾಗ ಅವತ್ತ ನನಗ ನೈಟ್ ಡ್ಯೂಟಿ, ಬೋರ್ಡಿನ ಎಲ್ಲಾ ಲ್ಯಾಂಪೂ ಒಮ್ಮೆಲೆ ಹತ್ತಿದ್ದುವು. ಗೆಳತಿಗೆ ಫೋನ್ ಮಾಡಿದ್ರ, "ಏ ಹುಚ್ಚಿ, ಇಬ್ಬರೂ ಮಾರ್ನಿಂಗ್ ಶಿಫ್ಟಿನ್ಯಾಗ ಇದ್ವಿ, ದಿಲ್ಲಿ ಲೈನ್ ಸಿಗವಲ್ದು ಅಂತ ಮಂದಿ ಬೈದ್ರು, ನೀ ಅತ್ತಿದ್ದಿ" ಅಂದ್ಲು. ಅತ್ತದ್ದು ನನಗ ನೆನಪಿಲ್ಲ. ಗುಂಡು ಹಾರಿದ್ದು ಬೆಳಿಗ್ಗೆ ಒಂಬತ್ತು ದಾಟಿದ ಮ್ಯಾಲ, ಆಕಾಶವಾಣಿ ಸುದ್ದಿ ಹೇಳಿದ್ದು ಸಂಜೀಕ, ಬಿಬಿಸಿಯವರು ಅದಕ್ಕಿಂತ ಮೊದಲ ಹೇಳಿದ್ರು, ಹಂಗಾಗಿ ಅಕಿಂದೂ ಖರೆ ಇರಬಹುದು, ನಂದೂ ಖರೆ ಇರಬಹುದು, ಡ್ಯೂಟಿ ಚಾರ್ಟ್ ಎಂದೋ ರದ್ದಿಗೆ ಹೋಗೇತಿ. ಇಬ್ಬರದೂ ಬರೀರಿ ಅಂದ್ರು ಸರ್, "ಓದವರಿಗೆ ನಿಮ್ಮ ನೆನಪು ಬೇಕು, ಪಂಚಾಂಗದ ಕೂಡ ಜಗಳಾ ಆಡೂ ನೆನಪು ಬ್ಯಾಡ." ಈಗ ಆ ಪುಟದಾಗ ನಾವಿಬ್ಬರೂ ಜಗಳಾಡ್ತೀವಿ, ಪುಸ್ತಕದಾಗ ನನಗ ಸೇರೂ ಪುಟ ಅದು.

ಅಂಜಿಕಿ ಉತ್ತರ ಅಟ್ಟದ ಮ್ಯಾಲಿನ ಟ್ರಂಕಿನ್ಯಾಗ ಸಿಕ್ತು. ನಮ್ಮವ್ವಗ ಹಾಲಿನ ಲೆಕ್ಕ ಕ್ಯಾಲೆಂಡರಿನ ಮ್ಯಾಲ ಬರಿಯೂ ರೂಢಿ, ತಾರೀಕಿನ ಮನಿಯೊಳಗ ಸಣ್ಣಂಗ ಪೆನ್ಸಿಲ್ಲಿಲೆ 1, ಹಾಲಿನವ ಬರದಿದ್ರ ಒಂದ ಗೀಟು, ಹಬ್ಬಾ ಇದ್ರ 2. ವರ್ಷಾ ಮುಗದ ಮ್ಯಾಲ ಆ ಹಾಳಿ ಟ್ರಂಕಿನ ತಳಕ್ಕ ಹಾಸಾಕ ಬಳಸ್ತಿದ್ಲು. ಅಣ್ಣನ ಮಗಳು ಅರವಿ ತಗಿಯೂ ಮುಂದ ನೋಡಿ ಇದೇನ ಅತ್ತಿ ಅಂತ ತಂದು ತೋರಿಸಿದ್ಲು. 1974. ಮೇ ತಿಂಗಳ ತನಕ ಎಲ್ಲಾ ಮನಿಯೊಳಗ 1. ಜೂನ್ ಮೊದಲನೇ ವಾರದಿಂದ ½. ಜುಲೈ ½. ಆಗಸ್ಟಿನ್ಯಾಗ ಕೆಲವು ದಿನ ಬರೇ ಗೀಟು. ತಿರಗಿ 1 ಬಂದದ್ದು ದೀಪಾವಳಿಗೆ.

ನನಗ ಆವಾಗ ಹದಿಮೂರು. ಮನ್ಯಾಗ ಆ ವರ್ಷದ ಸುದ್ದಿ ಯಾವಾಗ ಬಂದ್ರೂ ಒಂದ ಮಾತು, ಅಪ್ಪಗ ಕಾಮಣಿ ಆಗಿತ್ತು, ಹವಾ ಬದಲಿಗೆ ಊರ ಕಡೆ ಹೋಗಿದ್ದ. ನಾನೂ ಹಂಗ ನಂಬಕೊಂಡ ಬಂದಾಕಿ. ಆದ್ರ 1974ರ ಮೇ 8ರಿಂದ 27ರ ತನಕ ಅಂದ್ರ ದೇಶದ ರೈಲ್ವೆ ಸ್ಟ್ರೈಕು, ಜಾರ್ಜ್ ಫರ್ನಾಂಡಿಸ್ ಮುಂದ ನಿಂತು ಮಾಡಸಿದ್ದು, ಲಕ್ಷಗಟ್ಟಲೆ ಮಂದಿ ಕೆಲಸಕ್ಕ ಹೋಗಲಿಲ್ಲ, ಸಾವಿರಾರು ಮಂದಿನ್ನ ಪೊಲೀಸರು ಹಿಡದು ಒಳಗ ಹಾಕಿದ್ರು. ಅಪ್ಪ ವರ್ಕ್‌ಶಾಪಿನ ಫಿಟ್ಟರ್. ಕಾಮಣಿ ಆದವರ ಮನಿಗೆ ಹಾಲು ಹೆಚ್ಚಿಗೆ ಬರಬೇಕು, ಕಡಿಮಿ ಆಗಬಾರದು. ಮ್ಯಾಲ ಪಗಾರ ನಿಂತ ಮನಿಗೆ ಅಷ್ಟ ಜೂನಿನ್ಯಾಗ ಹಾಲು ಅರ್ಧಾ ಆಗತೈತಿ, ಯಾಕಂದ್ರ ಮೇ ತಿಂಗಳದ ಪಗಾರ ಬರೂದು ಜೂನಿಗೆ.

ಅವ್ವ ಅಪ್ಪ ಇಬ್ಬರೂ ಈಗಿಲ್ಲ. ಕೇಳಬೇಕಂದ್ರ ಅಣ್ಣ ಒಬ್ಬನ, ಅವಗ ಆವಾಗ ಹದಿನೇಳು.

ಇಲ್ಲಿ ನನ್ನ ಕೈ ತಡೀತು. ಗಿರೀಶ ಕಾರ್ನಾಡರು ತಮ್ಮ ಆತ್ಮಕಥಿ ಆಡಾಡತ ಆಯುಷ್ಯದಾಗ, ತಾವು ಹೊಟ್ಟಿಯೊಳಗ ಇದ್ದಾಗ ತಮ್ಮನ್ನ ತಗಿಸಬೇಕಂತ ಹೋದ ತಾಯಿ ಸುದ್ದಿ ಬರದಾರ, ದವಾಖಾನಿಗೆ ಬರದ ಉಳದ ಡಾಕ್ಟರಿಗೆ ಪುಸ್ತಕ ಅರ್ಪಣೆ ಮಾಡ್ಯಾರ. ನಮ್ಮ ಧಾರವಾಡದ ಮನೋಹರ ಗ್ರಂಥಮಾಲಾದವರ ಹಾಕಿದ್ದು ಅದು, 2011ರಾಗ. ಓದಿದವರೆಲ್ಲಾ ಎಂಥಾ ಧೈರ್ಯ ಅಂತಾರ. ಆದ್ರ ಅಲ್ಲಿ ಮಗನ ಮುಂದ ತಾಯಿನ ಆ ಮಾತು ಆಡಿದ್ಲು. ನಮ್ಮಪ್ಪ ನನಗ ಏನೂ ಹೇಳಿಲ್ಲ, ಹೇಳಬಾರದು ಅಂತನ ಒಂದ ಬ್ಯಾನಿ ಹೆಸರು ಹಚ್ಚಿ ಮುಚ್ಚಿಟ್ಟಾನ. ಇದು ಕಾರ್ಡಿನ ಯಾ ತುದಿ?

ಸರ್ ಹೌದು ಅಲ್ಲ ಅನ್ನಲಿಲ್ಲ. ಬರೀರಿ, ಅಚ್ಚಿಗೆ ಕೊಡೂ ಮೊದಲ ಅಣ್ಣಗ ಓದಿ ಹೇಳ್ರಿ ಅಂದ್ರು. ಸುಮ್ನ ಕೈಯಾಗ ಕೊಡಬ್ಯಾಡ್ರಿ, ಎದುರು ಕೂತು ಓದ್ರಿ.

ನಾ ಅಧ್ಯಾಯ ಬರದೆ. ಹಾಲಿನ ಲೆಕ್ಕ, ಕಾಮಣಿ, ಸ್ಟ್ರೈಕು, ನನ್ನ ಗುಮಾನಿ, ಗುಮಾನಿ ಅಂತನ ಬರದೆ. ಹದಿಮೂರು ವರ್ಷದ ಹುಡುಗಿಗೆ ಏನ ಗೊತ್ತಿತ್ತೋ ಅದು ಬ್ಯಾರೆ, ಈಗ ಟ್ರಂಕಿನ ತಳ ನೋಡಿದ ಮುದುಕಿಗೆ ಗೊತ್ತಾದದ್ದು ಬ್ಯಾರೆ, ಅವೆರಡನ್ನ ಒಂದರಾಗ ಒಂದು ಕಲಸಬಾರದು ಅಂತ ಭಾಳ ತಿಣಕಿದೆ, ಯಾಕಂದ್ರ ಬರಿಯೂ ಮುಂದ ಆ ಹುಡುಗಿ ಬಾಯಿಂದ ಜಾರ್ಜ್ ಫರ್ನಾಂಡಿಸ್ ಹೆಸರು ಬಂದಬಿಡತೈತಿ, ಅಕಿಗೆ ಆವಾಗ ಆ ಹೆಸರು ಎಲ್ಲಿ ಗೊತ್ತಿರಬೇಕು. ಮನಿ ಚಿತ್ರಾ ಕೊಡೂ ಕಡೆ, "ಮನ್ಯಾಗ ಫ್ಯಾನ್ ಇರಲಿಲ್ಲ, ರೇಡಿಯೋ ಇರಲಿಲ್ಲ, ಸೈಕಲ್ ಸುದ್ದಾ ಇರಲಿಲ್ಲ, ಅಪ್ಪ ವರ್ಕ್‌ಶಾಪಿಗೆ ನಡಕೊಂಡ ಹೋಗತಿದ್ದ" ಅಂತ ಒಂದ ಸಾಲು ಬರದೆ.

ಒಂದ ರವಿವಾರ ಅಣ್ಣನ ಮನಿ ಪಡಸಾಲ್ಯಾಗ ಕೂತು ಓದಿದೆ. ವೈನಿ ಒಂದ ಕಡೆ ಜ್ವಾಳಾ ಹಸನ ಮಾಡಾಕತ್ತಿದ್ರು. ಕಾಮಣಿ ಬಂತು, ಅಣ್ಣ ಸುಮ್ನ. ಸ್ಟ್ರೈಕು ಬಂತು, ಸುಮ್ನ. ಅಪ್ಪ ಊರ ಕಡೆ ಹೋದದ್ದು ಹವಾ ಬದಲಿಗೆ ಅಲ್ಲ, ಪೊಲೀಸರಿಗೆ ಸಿಗಬಾರದಂತ ಇರಬೇಕು ಅನ್ನೂ ಸಾಲು ಓದೂ ಮುಂದ ನನ್ನ ದನಿ ನಡಗಾಕತ್ತಿತ್ತು, ಅವ ಕಿಡಕಿ ಹೊರಗ ನೋಡಕೊಂತ ಕೂತಿದ್ದ. ಹಾಳಿ ತಿರುವಿ ಮುಂದ ಓದಿದೆ. ಫ್ಯಾನ್, ರೇಡಿಯೋ, ಸೈಕಲ್.

"ತಡೀ. ಸೈಕಲ್ ಇರಲಿಲ್ಲ ಅಂತ ಯಾರ ಹೇಳಿದ್ರ ನಿನಗ?"

"ನನಗ ನೆನಪಿದ್ದಂಗ ಇರಲಿಲ್ಲಲ್ಲೋ ಅಣ್ಣಾ."

"ಇತ್ತು. ನಮ್ಮ ಮನ್ಯಾಗ ಸೈಕಲ್ ಇತ್ತು. ಅಪ್ಪ ದಿನಾ ಸೈಕಲ್ ಮ್ಯಾಲ ಹೋಗತಿದ್ದ. ಜೂನ್ ತಿಂಗಳದಾಗ ಮಾರಿದ್ವಿ. ನಾನ ಹೊಡಕೊಂಡ ಹೋಗಿ ಕೊಟ್ಟ ಬಂದೀನಿ, ತಿರಗಿ ನಡಕೊಂತ ಬಂದೀನಿ. ನೀ ಬಾಗಲದಾಗ ಕೂತಿದ್ದಿ. ಇರಲಿಲ್ಲ ಅಂತ ಬರೀತಿ?"

ಇಷ್ಟು ಸಿಟ್ಟು ಅವಗ ಬಂದದ್ದು ನಾ ನೋಡಿರಲಿಲ್ಲ. ಅಪ್ಪ ಅಡಗಿದ್ದ ಅನ್ನೂದಕ್ಕಲ್ಲ, ಸೈಕಲ್ ಇರಲಿಲ್ಲ ಅಂದದ್ದಕ್ಕ. ವೈನಿ ಮರ ಕೆಳಗಿಟ್ಟು, "ನಲವತ್ತ ವರ್ಷದಾಗ ನನ್ನ ಮುಂದೂ ಹೇಳಿಲ್ಲಲ್ರೀ ಇದನ್ನ" ಅಂದ್ರು. ಆಮ್ಯಾಲ ಅವ ಹೇಳಾಕ ಶುರು ಮಾಡಿದ. ನಾ ಫೋನ್ ತಗದು ರೆಕಾರ್ಡಿಗೆ ಹಚ್ಚಾಕ ಹೋದ್ರ ಅದನ್ನ ಬಂದ್ ಮಾಡು ಅಂದ. ಅಪ್ಪನ ಜೋಡಿ ಕೆಲಸ ಮಾಡವರೊಬ್ಬರ ಬೀಗರ ಊರಾಗ, ಹೊಲದಾಗಿನ ಮನ್ಯಾಗ ಇದ್ದದ್ದು, ಅಣ್ಣ ಎರಡ ದಿನಕ್ಕೊಮ್ಮೆ ಬಸ್ಸಿನ್ಯಾಗ ರೊಟ್ಟಿ ಬುತ್ತಿ ಒಯ್ಯತಿದ್ದದ್ದು, ಯಾರರೆ ಕೇಳಿದ್ರ ಕಾಮಣಿ ಅನ್ನು ಅಂತ ಅವ್ವ ಬಾಯಿಪಾಠ ಮಾಡಸಿದ್ದು. ಸ್ಟ್ರೈಕ್ ಮುರದ ಮ್ಯಾಲೂ ಅಪ್ಪನ್ನ ಲಗೂನ ಒಳಗ ತಗೋಲಿಲ್ಲಂತ. ಸಂಜಿ ತನಕ ಹೇಳಿದ, ನಡುನಡುವ ಚಾ ಕುಡದ. ಮನಿಗೆ ಬಂದು ರಾತ್ರಿ ಕೂತು ನೆನಪಿದ್ದಷ್ಟು ಬರಕೊಂಡೆ, ಮರುದಿನ ಅವಗ ಓದಿ ಹೇಳಿದೆ, ತಿದ್ದಿದ, ಮತ್ತ ಬರದೆ. ಒಂದ ಕಟ್ಟು ಹಾಕ್ಯಾನ, ಆ ಊರಿನ ಹೆಸರು, ಆ ಮನಿಯವರ ಹೆಸರು ಬರಬಾರದು. ಅವರ ಮೊಮ್ಮಕ್ಕಳು ಈಗಲೂ ಅಲ್ಲೇ ಅದಾರ, ಅವರನ್ನ ಕೇಳದ ಹಾಕೂ ಹಕ್ಕು ನಿನಗೂ ಇಲ್ಲ ನನಗೂ ಇಲ್ಲ ಅಂದ. ನಾ ವರ್ಷಾನುಗಟ್ಟಲೆ ಕಮ್ಮಟದಾಗ ಕೂತು ತಡಕಾಡಿದ್ದನ್ನ ಇವ ಚಾ ಕುಡಕೊಂತ ಹೇಳಿಬಿಟ್ಟ.

ಇನ್ನ ಪುಸ್ತಕ ಎಲ್ಲಿ ನಿಲ್ಲಸಬೇಕು ಅನ್ನೂದು ಉಳದಿತ್ತು. ವಿಆರ್‌ಎಸ್ ದಿನಕ್ಕ ಮುಗಸಬೇಕು ಅಂತ ಇದ್ದೆ, ಆದ್ರ 197ರ ಡೈರೆಕ್ಟರಿ ಎನ್‌ಕ್ವೈರಿ, ಬಿಲ್ಲಿಂಗು, ಕೌಂಟರ್ ಅಂತ ಕಳದ ಆ ಕಡೀ ವರ್ಷಗಳ ಬಗ್ಗೆ ಹೇಳಾಕ ನನ್ನ ಹತ್ರ ಏನೂ ಇಲ್ಲ, ಇದ್ದದ್ದನ್ನ ಎಳದ್ರ ಓದವರು ಅಣ್ಣನ ಮಗಳಂಗ ಆಕಳಸತಾರ. 1986ರಾಗ ಇಲ್ಲೇ ಕಿತ್ತೂರಾಗ ಸಿ-ಡಾಟ್ ಅನ್ನೂ ಸರ್ಕಾರಿ ಟೆಲಿಫೋನ್ ಸಂಶೋಧನಾ ಸಂಸ್ಥೆಯವರು ತಮ್ಮ ಮೊದಲನೇ ರೂರಲ್ ಎಕ್ಸ್‌ಚೇಂಜ್ ಶುರು ಮಾಡಿದ್ರು, 128 ಲೈನಿಂದು, ಆಪರೇಟರ್ ಬೇಕಾಗಿಲ್ಲ. ನಾವು ನಾಕೈದು ಮಂದಿ ಹುಡುಗ್ಯಾರು ರಜಾ ಹಾಕಿ ನೋಡಾಕ ಹೋಗಿದ್ವಿ. ಒಂದ ಬೀರು ಇದ್ದಂಗ ಪೆಟ್ಟಿಗಿ, ಒಳಗ ಟಿಕಿಟಿಕಿ ಅನ್ನೂ ಸಪ್ಪಳಾನೂ ಇಲ್ಲ. ಬರೂ ಮುಂದ ಬಸ್ಸಿನ್ಯಾಗ ಗೆಳತಿ, "ಇದು ಥ್ರೀ ಮಿನಿಟ್ಸ್ ಅನ್ನಂಗಿಲ್ಲಲ್ಲ ಪುಣ್ಯಾತ್ಮ" ಅಂದಿದ್ಲು. ಅಲ್ಲಿಗೆ ನಿಲ್ಲಸೀನಿ. ಆ ಮಾತು ನಾನ ಅಂದದ್ದು ಅಂತ ಮೊದಲ ಬರದಿದ್ದೆ, ಅಕಿ ಫೋನ್ ಮಾಡಿ ನಂದು ಅಂತ ಕಸಗೊಂಡ್ಲು, ಕೊಟ್ಟೆ.

ಕಮ್ಮಟ ಈಗಲೂ ನಡೀತೈತಿ, ನರ್ಸಮ್ಮನ ಪುಸ್ತಕ ಬಂತು, ಹೆಡ್‌ಮಾಸ್ತರು ಇನ್ನೂ ಪೀಠಿಕೆಯಾಗ ಅದಾರ. ನಂದು ಡಿಟಿಪಿ ಮುಗದು ಪ್ರೂಫ್ ಬಂದೈತಿ, ಅಣ್ಣಗ ಒಂದ ಪ್ರತಿ ಕೊಟ್ಟೀನಿ, ಅವ ಕೆಂಪು ಪೆನ್ ಹಿಡದು ಕೂತಾನ. ಬೆಳಿಗ್ಗೆ ಆರಕ್ಕ ವಾಟ್ಸ್‌ಆ್ಯಪಿನ್ಯಾಗ ವಾಯ್ಸ್ ಮೆಸೇಜ್ ಬರತಾವು. ಸೈಕಲ್ ಅಂತ ಬರೇ ಬರದ್ರ ಹೆಂಗ, ಹರ್ಕ್ಯುಲಿಸ್ ಅಂತ ಹಾಕು ಅಂದ. ಹಾಕಿದೆ. ಮರುದಿನ, ತಡೀ, ಅಟ್ಲಾಸ್ ಇರಬೇಕು ಅಂದ. ಅದನ್ನೂ ಹಾಕಿದೆ. ನಿನ್ನೆ ವೈನಿ ಫೋನ್ ಮಾಡಿ, ನಿಮ್ಮಣ್ಣ ಸೈಕಲ್ ಕೊಂಡವರ ಮನಿ ಹುಡಕಿಕೊಂಡ ಹೋಗ್ಯಾರ, ಹೆಸರು ಕೇಳಕೊಂಡ ಬರತಾರಂತ, ಅಲ್ಲೀತನಕ ಅಚ್ಚಿಗೆ ಕೊಡಬ್ಯಾಡ ಅಂತ ಹೇಳ್ಯಾರ ಅಂದ್ರು.